ಕೆರೆನೀರಿನ ಪುಸ್ತಕ

ಮಗೂ,

ನಿನ್ನ ವಿಳಾಸವೂ ನನ್ನಲ್ಲಿಲ್ಲ, ಆದರೂ ಬರೆಯುತ್ತಿದ್ದೇನೆ.

ನೀನು ಬಿಟ್ಟುಹೋದ ಕೆರೆನೀರಿನ ಪ್ರಾಜೆಕ್ಟನ್ನು ಇವತ್ತು ಎರಡನೇ ವರ್ಷದ ಹುಡುಗಿಯೊಬ್ಬಳು ಕೈಗೆತ್ತಿಕೊಂಡಳು. ನೀರಿನ ಹುಳಿ ಅಳೆಯುವ ಮೀಟರನ್ನು ಮೊದಲು ನಿಂಬೆರಸದಲ್ಲಿ, ಆಮೇಲೆ ಸೋಪಿನ ನೀರಿನಲ್ಲಿ ಅದ್ದಿ ನೋಡಿದಳು. ಮುಳ್ಳು ಏಳೂವರೆಯಿಂದ ಅಲುಗಲಿಲ್ಲ.

"ಇದು ಯಾವತ್ತೋ ಕೆಟ್ಟು ಕೂತಿದೆ ಮೇಡಂ," ಎಂದು ನಕ್ಕಳು.

ಎರಡು ವರ್ಷ, ಪ್ರತಿ ಸೋಮವಾರ, ನೀನು ಪುಸ್ತಕದಲ್ಲಿ ಬರೆದದ್ದೂ ಏಳೂವರೆಯೇ. "ಮನೇಲಿ ಕೂತು ಬರೆದಿದ್ದು ತಾನೇ?" ಎಂದು ನಾನು ಎಲ್ಲರೆದುರು ಕೇಳಿದ್ದೆ. "ಮೀಟರ್ ತೋರಿಸಿದ್ದನ್ನೇ ಬರೆದೆ ಮೇಡಂ," ಎಂದಿದ್ದೆ ನೀನು. ಮರುದಿನದಿಂದ ಕಾಲೇಜಿಗೇ ಬರಲಿಲ್ಲ. ಮೀಟರನ್ನು ನಾನು ಒಮ್ಮೆಯೂ ಪರೀಕ್ಷಿಸಿರಲಿಲ್ಲ.

ಹುಡುಗಿ ನಿನ್ನ ಪುಸ್ತಕದ ಕೊನೆಯ ಪುಟ ತೆರೆದಳು. "ಕೆಂಪು ಶಾಯಿಲಿ 'ಸುಳ್ಳು' ಅಂತ ಬರೆದಿದ್ದು ಯಾರು ಮೇಡಂ?"

ಗೊತ್ತಿಲ್ಲ ಎಂದುಬಿಟ್ಟೆ.