ಮೂಗು ಚುರುಕಿದ್ದವನು

೯ ಜನವರಿ ೧೯೬೫, ಬರೋಡಾ
ಬೆಳಿಗ್ಗೆ ಗೋರ್ವಾದ ಬಣ್ಣದ ಕಾರ್ಖಾನೆ. ಎಂದಿನ ತಪಾಸಣೆ — ಕಣ್ಣು, ಉಗುರು, ಉಸಿರು. ಛಗನ್‌ಭಾಯಿಯ ಮೂಗಿಗೆ ಲವಂಗದೆಣ್ಣೆ ಹಿಡಿದೆ.
"ಇದು ನೀರಾ, ಬೆನ್?" ಎಂದ. ಇಲ್ಲಿಯವರ ಮಾತಲ್ಲಿ ಬೆನ್ ಅಂದರೆ ಅಕ್ಕ.
ವಾಸನೆಯೇ ತಿಳಿದಿಲ್ಲ. ವರ್ಷಗಳಿಂದ ಅವನ ಕೆಲಸ ನೆಲದಡಿಯ ಗುಂಡಿಯಲ್ಲಿ. ಹೊಲಸು ನೀರು ಸೇರುವ ಜಾಗ. ಗಂಧಕದ ವಿಷಗ್ಯಾಸು ತುಂಬಿಕೊಳ್ಳುತ್ತದೆ. ಅಲ್ಲಿ ನಾತವೇ ಎಚ್ಚರಿಕೆ. ಮ್ಯಾನೇಜರ್ ಪಾರೇಖ್‌ಗೆ ಹೇಳಿದೆ.
"ಅದಕ್ಕೇ ಅವನನ್ನ ಅಲ್ಲಿ ಹಾಕಿರೋದು, ಡಾಕ್ಟರ್. ಬೇರೆಯವರು ಗೊಣಗ್ತಾರೆ."
ಅವನನ್ನು ಅಲ್ಲಿಂದ ತೆಗೆಯಿರಿ, ಗ್ಯಾಸು ಹೊರಗೆಳೆಯುವ ಫ್ಯಾನ್ ಹಾಕಿಸಿ ಎಂದು ಬರೆದೆ.

೧೬ ಜನವರಿ
ಛಗನ್ ಪ್ಯಾಕಿಂಗಿಗೆ ಹೋದ. ಫ್ಯಾನ್ ಮುಂದಿನ ತಿಂಗಳಂತೆ. ಗುಂಡಿಗೆ ಹೊಸಬ, ಮೋಹನ್. ಗಟ್ಟಿ ಆಳು. ಶೀಶೆ ಹತ್ತಿರ ತರುವ ಮೊದಲೇ "ಲವಂಗ" ಎಂದು ನಕ್ಕ. ಫಿಟ್. ಸಹಿ ಹಾಕಿದೆ. ಸಮಾಧಾನವಾಯಿತು.

೩ ಫೆಬ್ರವರಿ
ಮೋಹನ್ ತೀರಿಹೋದ, ಗುಂಡಿಯಲ್ಲಿ.
ಮೆಟ್ಟಿಲ ಮೇಲೆ ನಿಂತಾಗ ಭಾರಿ ನಾತವಿತ್ತಂತೆ. ಆಮೇಲೆ ಏನೂ ಇಲ್ಲ. "ಗ್ಯಾಸು ಹೋಯ್ತು" ಎಂದು ಇಳಿದನಂತೆ... ಗ್ಯಾಸು ಹೆಚ್ಚಾದರೆ ಮೂಗೇ ಸಾಯುತ್ತದೆ. ನನಗೆ ಗೊತ್ತಿತ್ತು. ಅವನಿಗೆ ಹೇಳಿರಲಿಲ್ಲ.

೨೧ ಫೆಬ್ರವರಿ, ಭಾನುವಾರ
ಛಗನ್ ಇವತ್ತೂ ಬಂದು ವರಾಂಡದಲ್ಲಿ ಕೂತ. ಚಹಾ ಮುಟ್ಟಲಿಲ್ಲ.
"ನನ್ನನ್ನ ಅಲ್ಲೇ ಬಿಟ್ಟಿದ್ರೆ ಅವನು ಉಳೀತಿದ್ದ, ಬೆನ್."
ಅವನು ಹೋದ ಮೇಲೆ ನಮ್ಮ ಮನೆಯವರು ಪೇಪರ್ ಮಡಚಿದರು. "ಬಿಟ್ಟಿದ್ರ ಇಂವಾ ಹೋಗ್ತಿದ್ದ, ಅಷ್ಟ. ನೀ ಬರದದ್ದು ಖರೇನ ಇತ್ತಲ್ಲ, ಸುಮತಿ."
ಖರೆ. ಆದರೆ ಆಳು ಬದಲಾದ ಕೂಡಲೇ ಸುಮ್ಮನಾದೆ. ಫ್ಯಾನ್ ಎಲ್ಲಿ ಎಂದು ಮತ್ತೆ ಕೇಳಲಿಲ್ಲ.
ಮನೆಯಲ್ಲಿದ್ದ ಲವಂಗವನ್ನೆಲ್ಲ ಬಿಸಾಡಿದೆ. ಅಡುಗೆಮನೆಯಲ್ಲಿ ಇನ್ನೂ ಅದೇ ಘಾಟು. ಇವರಿಗೆ ಬರುವುದಿಲ್ಲವಂತೆ.

೬ ಮಾರ್ಚ್
ಪರಿಹಾರವೆಂದು ಮೋಹನನ ತಮ್ಮನಿಗೆ ಅದೇ ಕೆಲಸ. ತಪಾಸಣೆಗೆ ಕಳಿಸಿದ್ದರು. ಬಾಗಿಲಲ್ಲಿ ಬಂದು ನಿಂತ. ಅದೇ ಮುಖ. ಅದೇ ನಗು.
ಮೈಯೆಲ್ಲ ಸರಿಯಿದೆ. ಸಹಿ ಹಾಕಲಿಲ್ಲ. ಫ್ಯಾನ್ ತಿರುಗುವವರೆಗೆ ಆ ಗುಂಡಿಗೆ ಯಾರೂ ಫಿಟ್ ಅಲ್ಲ ಎಂದೆ. ಪಾರೇಖ್ ಕೂಗಾಡಿದ. ಅಹಮದಾಬಾದಿಗೆ, ಫ್ಯಾಕ್ಟರಿ ಇನ್ಸ್‌ಪೆಕ್ಟರಿಗೆ, ತಂತಿ ಕೊಟ್ಟೆ.

೧೦ ಮಾರ್ಚ್
ಇನ್ಸ್‌ಪೆಕ್ಟರ್ ಬಂದು ಗುಂಡಿಗೆ ಬೀಗ ಹಾಕಿಸಿದರು. ಸುದ್ದಿ ತಂದವನು ಮೋಹನನ ತಮ್ಮನೇ. ಕೆಲಸ ತಪ್ಪಿತೆಂದು ಜಗಳಕ್ಕೆ ಬಂದ ಎಂದುಕೊಂಡೆ. ಚಪ್ಪಲಿ ಬಿಟ್ಟು ಒಳಗೆ ಬಂದ.
"ಅಣ್ಣನ್ನೂ ಹೀಗೇ ಮುಟ್ಟಿ ನೋಡಿದ್ರಾ, ಬೆನ್?"
ಹೌದೆಂದೆ.
"ಏನಾಗಿತ್ತು ಅವನಿಗೆ?"
ಏನೂ ಆಗಿರಲಿಲ್ಲ. ಕಣ್ಣು ಚೆನ್ನಾಗಿತ್ತು. ಎದೆ, ಉಸಿರು... ಎಲ್ಲ ಚೆನ್ನಾಗಿತ್ತು, ಮೂಗೂ ಚುರುಕಾಗಿತ್ತು ಎಂದೆ.