ಚಿಕ್ಕಮ್ಮನ ಬ್ರೆಡ್ಡು

ಅಕ್ಕಾ,

ಒಂಬತ್ತು ವರ್ಷವಾದ ಮೇಲೆ ನಿನ್ನ ಮಗಳು ಇಂದು ಬೆಳಿಗ್ಗೆ ಹೇಳದೆ ಕೇಳದೆ ಬಂದಳು. ನಾನು ಬ್ರೆಡ್ಡನ್ನು ಹಾಲು, ಮೊಟ್ಟೆ, ಸಕ್ಕರೆಯಲ್ಲಿ ಅದ್ದಿ ಬೆಣ್ಣೆಯಲ್ಲಿ ಕಾಯಿಸುತ್ತಿದ್ದೆ.

“ಚಕ್ಕೆಪುಡಿ ಸಾಲ್ದು ಚಿಕ್ಕಮ್ಮ. ಅಮ್ಮ ಪ್ರತಿ ಭಾನುವಾರ ಮಾಡ್ತಾಳಲ್ಲ, ನಂಗೊತ್ತು. ನಮ್ಮನೇಲಿ ಇದಕ್ಕೆ ಚಿಕ್ಕಮ್ಮನ ಬ್ರೆಡ್ಡು ಅಂತಾನೇ ಹೆಸರು.”

ನನ್ನ ತಿಂಡಿಗೆ ನನಗೇ ಪಾಠ! ಮೈಯೆಲ್ಲ ಉರಿದುಹೋಯಿತು. ನಾನು ಕಲಿಸಿದ ತಿಂಡಿ ಬೇಕು, ನಾನು ಬೇಡವೇ? ವಾರವಾರ ನನ್ನ ಹೆಸರು ಹೇಳಿ ತಿನ್ನುವ ನಿನಗೆ ಒಂದು ಫೋನ್ ಮಾಡಲು ಏನಾಗಿತ್ತು ಧಾಡಿ? ಅಂದು ಕೋಪದಲ್ಲಿ ನಿನಗೆ ನಾನೊಂದು ಮಾತು ಅಂದೆ, ನಿಜ. ಅದನ್ನು ಇಷ್ಟು ವರ್ಷ ಕಟ್ಟಿಕೊಂಡು ಕೂರುವುದೇ?

ಅವಳು ಹೊರಟಾಗ ನಾಲ್ಕು ತುಂಡು ಡಬ್ಬಿಗೆ ಹಾಕಿ ಕೊಟ್ಟೆ. ಯಾರಿಗೆಂದು ಹೇಳಲಿಲ್ಲ. “ಆರಿಹೋಗತ್ತೆ, ಬೇಗ ಮನೆಗೆ ಹೋಗು” ಎಂದು ಗದರಿಸಿ ಕಳಿಸಿದೆ.