ಭರಣಿಯಲ್ಲಿ ಉಳಿದ ಸಮುದ್ರ

ಗೆಳೆಯಾ ದುಂಡಪ್ಪಾ,

ಮೊನ್ನೆ ನಿನ್ನ ಮೀನನ್ನು ದೊಡ್ಡ ತೊಟ್ಟಿಗೆ ದಾಟಿಸಿದೆವು. ಸತ್ತವನಿಗೆ ಇದನ್ನೆಲ್ಲ ಯಾಕೆ ಬರೆಯಬೇಕು ಅಂತ ನನಗೇ ಸಿಟ್ಟು ಬರುತ್ತದೆ. ಮೂರನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಮಗ್ಗ ಹಿಡಿದ ಕೈಗೆ ಪೆನ್ನು ಒಗ್ಗುವುದಿಲ್ಲ. ಆದರೆ ನಿನ್ನ ಹೆಂಡತಿ ಗಂಗವ್ವ, "ಅವರಿಗೆ ಯಾರರ ತಿಳಸಬೇಕಲ್ಲಣ್ಣಾ" ಅಂದಳು.

ನೀನು ಮೊದಲ ಸಲ ರತ್ನಾಗಿರಿಯಿಂದ ಸಮುದ್ರ ಹೊತ್ತು ತಂದ ದಿನ ನೆನಪಿದೆಯೇ? ಬಟ್ಟೆಯ ಗಂಟು ಇಳಿಸಿದ ಲಾರಿಯಲ್ಲಿ ನಿನ್ನಂಥ ಡ್ರೈವರ್ ಮಂದಿ ತೆಂಗಿನಕಾಯಿ ತರುತ್ತಾರೆ. ನೀನು ಉಪ್ಪಿನಕಾಯಿ ಭರಣಿಗಳಲ್ಲಿ ನೀರು ತಂದೆ, ಒಂದು ಪಟ್ಟೆ ಮೀನು ತಂದೆ, ಹೂವಿನಂಥ ಜೀವ ಅಂಟಿಕೊಂಡ ಕಲ್ಲು ತಂದೆ. "ನಮ್ಮ ಪಂಚಗಂಗಿ ಹೊಳಿ ನೀರು ಸಾಲಲಿಲ್ಲೇನಲೇ ನಿನಗ?" ಅಂತ ನಾನು ಬೈದರೆ, "ಅದಕ್ಕ ಉಪ್ಪಿಲ್ಲೋ. ಸಪ್ಪಂದು ನನಗ ಸೇರಂಗಿಲ್ಲ" ಅಂತ ನಕ್ಕೆ. ಸಂಜೆ ಇಚಲಕರಂಜಿಯ ಮಗ್ಗಗಳ ಸದ್ದು ನಿಂತ ಮೇಲೆ ನೀನು ಬಾಗಿಲ ಕಡೆಯ ಮೂಲೆಯಲ್ಲಿ ಕೂತು ಉಂಗುರದಿಂದ ತೊಟ್ಟಿಯ ಗಾಜು ತಟ್ಟುತ್ತಿದ್ದೆ. ಮೀನು ನಾಯಿಮರಿಯ ಹಾಗೆ ಓಡಿ ಬರುತ್ತಿತ್ತು.

ದೊಡ್ಡ ತೊಟ್ಟಿ ಮಾಡಿಸಿ, ಅದನ್ನು ತುಂಬಲು ನೀರು ತರುತ್ತೇನೆಂದು ಹೊರಟೆಯಲ್ಲ, ಆವತ್ತು ತಡೆದಿದ್ದರೆ ನಿಲ್ಲುತ್ತಿದ್ದೆಯೇನು? ಆಂಬಾ ಘಾಟಿನ ತಿರುವಿನಲ್ಲಿ ಲಾರಿ ಮಗುಚಿತು. ನೀನು ಉಳಿಯಲಿಲ್ಲ. ಒಣಹುಲ್ಲು ಸುತ್ತಿದ ಭರಣಿಗಳು ಮಾತ್ರ ಒಂದೂ ಬಿರುಕು ಬಿಡದೆ ಮನೆಗೆ ಬಂದವು. ಇದು ಯಾವ ನ್ಯಾಯವೋ...

ಗಂಗವ್ವ ಅವನ್ನು ತೆರೆಯಲು ಬಿಡಲಿಲ್ಲ. "ಮುಚ್ಚಳಾ ಬಿಗದದ್ದು ಅವರ ಕೈರೀ ಅಣ್ಣಾ." ಇತ್ತ ಹಳೆಯ ತೊಟ್ಟಿಯ ಗಾಜಿನ ಸಂದಿಗೆ ಮೆತ್ತಿದ್ದ ಡಾಂಬರು ಬಿಟ್ಟು ನೀರು ಸೋರತೊಡಗಿತು. ಮೀನಿನ ಬೆನ್ನು ಮೇಲೆ ಕಾಣುವ ತನಕ ಸುಮ್ಮನಿದ್ದೆ. ಆಮೇಲೆ ತಡೆಯಲಾಗಲಿಲ್ಲ: "ಭರಣಿ ಕಾಯ್ತೀಯೋ, ಜೀವಾ ಕಾಯ್ತೀಯೋ? ಇವತ್ತ ಹೇಳಿಬಿಡು!"

ಮರುದಿನ ಹೋದರೆ ಅಂಗಳದಲ್ಲಿ ತಾಮ್ರದ ಹಂಡೆ. ಹುಣಸೆಹಣ್ಣು ಹಚ್ಚಿ ಬೆಳಗಿದ್ದಳು, ಅರಿಶಿನ ಕುಂಕುಮ ಇಟ್ಟಿದ್ದಳು. "ಅವರ ಕಡೀ ನೀರು. ಮೊದಲ ಇದರಾಗ ಸುರುವೂಣು, ಮಡೀಲೆ ಇರತೈತಿ."

"ಹಂಡೆ ಒಳಗ ಒಯ್ಯಿ. ಆ ಕಲ್ಲಿನ ಮ್ಯಾಲಿನ ಹೂವಿಗಿ ತಾಮ್ರಾ ಅಂದ್ರ ವಿಷಾ!"

"ದೇವರ ಹಂಡೆಕ ವಿಷಾ ಅಂತೀರೇನ್ರೀ? ನಿಮ್ಮ ನಾಲಿಗಿಗೆ ಏನಾಗೇತಿ?"

ಈಗಿನದಕ್ಕೂ ಮುಂಚೆ ನೀನು ತಂದಿದ್ದ ಮೊದಲ ಹೂವು ಇದೇ ಹಂಡೆಯ ನೀರಿನಲ್ಲಿ ಕರಗಿ ಲೋಳೆಯಾದ ದಿನ ನೀನು ಊಟ ಬಿಟ್ಟು ಕೂತಿದ್ದೆ. ತಪ್ಪು ಹಂಡೆಯದು ಅಂತ ಅವಳಿಗೆ ಹೇಳಲಿಲ್ಲ, ನನಗೆ ಹೇಳಿದೆ. ಯಾಕೆ? ಅವಳು ನೊಂದುಕೊಳ್ಳುತ್ತಾಳೆ ಅಂತಲೇ? ಮೊನ್ನೆ ನಾನೇ ಹೇಳಿದೆ. ಗಂಗವ್ವ ಹಂಡೆಯನ್ನು ಗೋಡೆಯ ಕಡೆಗೆ ಸರಿಸಿದಳು. "ನನಗ ಯಾಕ ಹೇಳಲಿಲ್ಲ ಅವರು?" ಅಂದಳು. ನಂತರ ತಾನೇ ಹೋಗಿ ಮುಚ್ಚಳ ಕಿತ್ತಳು. ದುಂಡಪ್ಪಾ, ಆ ವಾಸನೆ... ನೀನು ಘಾಟು ಹತ್ತಿ ಬಂದು ಅಂಗಿ ಕಳಚುವಾಗಿನ ವಾಸನೆ. ಇಬ್ಬರೂ ಬಾಗಿಲ ಕಡೆ ತಿರುಗಿ ನೋಡಿದೆವು.

ನೀನು ಹೇಳಿದ್ದಂತೆಯೇ ಕಲ್ಲನ್ನು ತೊಳೆಯಲಿಲ್ಲ, ಒಣಗಲು ಬಿಡಲಿಲ್ಲ. ಹಳೆಯ ನೀರಿಗೆ ನಿನ್ನ ನೀರನ್ನು ಸ್ವಲ್ಪಸ್ವಲ್ಪವೇ ಬೆರೆಸಿ ದೊಡ್ಡ ತೊಟ್ಟಿ ತುಂಬಿದೆವು, ಮೀನನ್ನೂ ಕಲ್ಲನ್ನೂ ಅದಕ್ಕೆ ದಾಟಿಸಿದೆವು. ಲಾರಿಯ ಟ್ಯೂಬಿಗೆ ಗಾಳಿ ತುಂಬಿ ಸಣ್ಣ ನಳಿಗೆಯಿಂದ ಗುಳ್ಳೆ ಬಿಟ್ಟೆವು. ಹೂವು ಮುಷ್ಟಿಯಂತೆ ಮುದುಡಿತ್ತು. ಗಂಗವ್ವ ನೀರನ್ನೂ ಕುಡಿಯದೆ ಅದರ ಮುಂದೆ ಕೂತಳು.

ಸಂಜೆ ಮಗ್ಗಗಳು ನಿಂತವು. ನಾವಿಬ್ಬರೂ ಮುಟ್ಟಿರಲಿಲ್ಲ, ಗಾಜು ತಟ್ಟಿದ ಸಪ್ಪಳ ಕೇಳಿತು. ಮೀನು ಬಾಗಿಲ ಕಡೆಯ ಮೂಲೆಗೆ ಓಡಿತು. ಹೊಸ ತೊಟ್ಟಿ, ಹೊಸ ಮೂಲೆ. ಅದಕ್ಕೆ ಹೇಗೆ ಗೊತ್ತು? "ಕೇಳಿಸ್ತೇನಣ್ಣಾ?" ಅಂದಳು. "ಹೊಸಾ ತೊಟ್ಟಿ ಡಾಂಬರು ನೀರಿಗಿ ಬಿಗಿಯೂ ಸಪ್ಪಳ, ಸುಮ್ಮನ ಕೂಡು" ಅಂತ ಗದರಿದೆ. ಆದರೂ ಎದ್ದು ಬಾಗಿಲನ್ನು ಪೂರ್ತಿ ತೆರೆದಿಟ್ಟೆ. ಅವಳು ಆ ಮೂಲೆಯತ್ತ ನೋಡುತ್ತಿರುವಾಗಲೇ ಹೂವು ಅರಳಿತು.

ಒಂದು ಭರಣಿಯನ್ನು ತೆರೆಯದೆ ಇಟ್ಟಿದ್ದಾಳೆ. ಇರಲಿ. ಇನ್ನು ನೀರು ಬೇಕಾದಾಗ ನಾನೇ ಹೋಗುತ್ತೇನೆ, ಎಂದೂ ಘಾಟು ದಾಟದ ನಾನು, ಅದೇ ದಾರಿಯಲ್ಲಿ. ಆ ತಿರುವಿನಲ್ಲಿ ನೀನು ನಿಂತಿದ್ದರೆ ಕೈ ಮಾಡಿ ನನ್ನನ್ನು ಹೆದರಿಸಬೇಡ. ಸುಮ್ಮನೆ ಹತ್ತಿಬಿಡು. ಭರಣಿಗಳ ನಡುವೆ ನಿನಗೆ ಜಾಗ ಬಿಟ್ಟಿರುತ್ತೇನೆ.